ಹುಣಸೆ ಬೀಜದ ಎರಡು ಸಾಲು

ನಾನು ಹೋದಾಗ ಸರಿಯಾಗಿ ಹಾಲು ಕೊಡುವ ಹೊತ್ತು. ಜಗಲಿಯ ಮೇಲೆ ಮಕ್ಕಳು ಸಾಲಾಗಿ ಕೂತಿದ್ದವು, ಎದುರಿಗೆ ಅವರವರು ಮನೆಯಿಂದ ತಂದ ಲೋಟ. ಅಡುಗೆಯಮ್ಮ ಬಕೆಟ್ಟಿನಿಂದ ಸೌಟಿನಲ್ಲಿ ಅಳೆದು ಅಳೆದು ಬಿಡುತ್ತಿದ್ದರು. ಕ್ಷೀರಭಾಗ್ಯ ಯೋಜನೆಯ ಲೆಕ್ಕ ತಲೆಗೆ 150 ಮಿಲಿಲೀಟರು. ಎಷ್ಟೋ ವರ್ಷದ ಕೈ ಅಳತೆ, ಒಬ್ಬರಿಗೂ ತೊಟ್ಟು ಹೆಚ್ಚಿಲ್ಲ, ತೊಟ್ಟು ಕಮ್ಮಿಯಿಲ್ಲ.

ಸಾಲಿನ ತುದಿಯಲ್ಲಿದ್ದ ಒಂದನೇ ತರಗತಿಯ ಹುಡುಗಿ ಮೂತಿ ಊದಿಸಿಕೊಂಡಳು. ಪಕ್ಕದವನದು ಉದ್ದನೆಯ ಸ್ಟೀಲು ಲೋಟ, ಹಾಲು ಕಂಠದವರೆಗೆ ಬಂದಿದೆ. ಇವಳದು ಅಗಲ ಬಾಯಿಯ ಬಟ್ಟಲು, ಹಾಲು ಎಲ್ಲೋ ತಳದಲ್ಲಿ.

"ನಂಗೆ ಕಮ್ಮಿ ಬುಟ್ರು."

"ಎಲ್ಲಾರ್ಗೂ ಒಂದೇ ಸೌಟು ಕನವ್ವ" ಎಂದರು ಅಡುಗೆಯಮ್ಮ. ಹುಡುಗಿ ಒಪ್ಪಲಿಲ್ಲ. ಪಕ್ಕದಲ್ಲಿದ್ದ ಎರಡನೇ ತರಗತಿಯ ಹುಡುಗ ತನ್ನ ಲೋಟ, ಅವಳ ಬಟ್ಟಲು ಎರಡನ್ನೂ ನೋಡಿ "ಒಂದೇಯಾ" ಎಂದ. ಮತ್ತೊಂದು ಸಲ ನೋಡಿ "ಇಲ್ಲ, ನಂದೇ ಜಾಸ್ತಿ" ಎಂದ. ಮೂರನೇ ತರಗತಿಯ ಜಡೆ ಹುಡುಗಿಯೊಬ್ಬಳು ಕುಡಿಯುತ್ತಿದ್ದ ಲೋಟ ಕೆಳಗಿಟ್ಟು, ದೊಡ್ಡವರ ಗತ್ತಿನಲ್ಲಿ ತೀರ್ಪು ಕೊಟ್ಟಳು: "ಲೇ, ನಿನ್ ಬಟ್ಲು ಅಗಲ ಅದೆ, ಅದ್ಕೆ ಹಂಗ್ ಕಾಣ್ತದೆ."

ಬಾಗಿಲಲ್ಲಿ ನಿಂತಿದ್ದ ಮೇಡಂ ಯಾರನ್ನೂ ತಿದ್ದಲಿಲ್ಲ. ನನ್ನನ್ನು ನೋಡಿ ನಕ್ಕು, "ಬನ್ನಿ ಸರ್, ನೀವು ನೋಡ್ಬೇಕು ಅಂತಿದ್ದದ್ದು ಆಗ್ಲೇ ಅರ್ಧ ಮುಗೀತು" ಎಂದರು.

ನಾನು ನೋಡಲು ಹೋಗಿದ್ದು ಒಂದು ಕೋಣೆಯನ್ನು. ಒಂದು, ಎರಡು, ಮೂರು, ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆ. ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು, ಹಂಪಾಪುರ ದಾಟಿ, ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ಅಲ್ಲಿಂದ ಸಿಕ್ಕ ಆಟೊದಲ್ಲಿ ಕೂತು ಮುಟ್ಟಿದ ಊರು. ಹೆಗ್ಗಡದೇವನಕೋಟೆ ತಾಲ್ಲೂಕು; ಇಲ್ಲಿನವರ ಬಾಯಲ್ಲಿ ಬರೀ 'ಕೋಟೆ'. ಶಾಲೆಯ ಹೆಸರು ಬರೆಯುವುದಿಲ್ಲ. "ಹೆಸರು ಹಾಕ್ಬೇಡಿ ಸರ್, ಆಮೇಲೆ ಕಲಿಯೋರಿಗಿಂತ ನೋಡೋಕೆ ಬರೋರೇ ಜಾಸ್ತಿ ಆಗ್ತಾರೆ" ಎಂದು ಮೇಡಂ ಮೊದಲೇ ಕರಾರು ಹಾಕಿದ್ದರು.

ಬೇರೆಲ್ಲೂ ಹೋಗದೆ ಕೋಟೆಗೇ ಬಂದದ್ದಕ್ಕೆ ಕಾರಣವಿದೆ. ನಲಿ-ಕಲಿ ಹುಟ್ಟಿದ್ದು ಈ ತಾಲ್ಲೂಕಿನಲ್ಲೇ, 1995ರಲ್ಲಿ. ಯುನಿಸೆಫ್ ನೆರವಿತ್ತು. ಮಾದರಿ ಸಿಕ್ಕಿದ್ದು ಆಂಧ್ರದ ಮದನಪಲ್ಲಿ ಬಳಿಯ ಋಷಿ ಕಣಿವೆಯಲ್ಲಿ. ಅಲ್ಲಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಾಠಪುಸ್ತಕವನ್ನೇ ಬಿಚ್ಚಿ, ಕಾರ್ಡು ಕಾರ್ಡಾಗಿ ಮಾಡಿ, ಏಣಿಯ ಮೆಟ್ಟಿಲಿನಂತೆ ಜೋಡಿಸಿಟ್ಟಿದ್ದರು. ಒಬ್ಬರೇ ಮೇಷ್ಟ್ರು, ಎಲ್ಲ ವಯಸ್ಸಿನ ಮಕ್ಕಳು, ಒಂದೇ ಸೂರು. ಅಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳುತ್ತೇನೆಂದರೆ ನಡೆಯದು. ಕೋಟೆಯ ಮೇಷ್ಟ್ರುಗಳು ಹೋಗಿ ನೋಡಿ ಬಂದು, ನಮ್ಮ ಮಕ್ಕಳಿಗೆ ನಮ್ಮ ಕಾರ್ಡು ಎಂದು ಕೂತು ಬರೆದರು, ಚಿತ್ರ ಬಿಡಿಸಿದರು, ಕತ್ತರಿಸಿದರು. ಅದು ತಾಲ್ಲೂಕಿನಿಂದ ತಾಲ್ಲೂಕಿಗೆ ಹಬ್ಬಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಬಂತು. ತಮಿಳುನಾಡು ಇದೇ ಏಣಿಯನ್ನು ಚೆನ್ನೈ ಪಾಲಿಕೆ ಶಾಲೆಗಳಲ್ಲಿ ಹಿಡಿದದ್ದು 2003ರಲ್ಲಿ, ಕೋಟೆಗಿಂತ ಎಂಟು ವರ್ಷ ತಡವಾಗಿ. ನಾವು ಇಂಥವನ್ನು ಹೇಳಿಕೊಳ್ಳುವುದರಲ್ಲಿ ಸ್ವಲ್ಪ ಹಿಂದೆ.

ಕೋಣೆಗೆ ಕಾಲಿಟ್ಟ ತಕ್ಷಣ ತಲೆಗೆ ತಾಗಿದ್ದು ಚಪ್ಪರ. ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳು, ದಾರದ ತುಂಬ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಮೀನು, ಅಂಟಿಸಿದ ಬೇವಿನೆಲೆ. ನಾನು ಬಗ್ಗಿ ನಡೆಯಬೇಕಾಯಿತು. ಬಗ್ಗದೆ ನಡೆಯುವವರಿಗಾಗಿಯೇ ಕಟ್ಟಿದ ಚಪ್ಪರ ಅದು. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಸೊಂಟದೆತ್ತರದ ಕಪ್ಪು ಬಣ್ಣ. ಅದೇ ಮಕ್ಕಳ ಹಲಗೆ, ಒಬ್ಬೊಬ್ಬರಿಗೆ ಒಂದೊಂದು ಪಾಲು. ಬಾಗಿಲ ಪಕ್ಕ ಹಾಜರಿ ಪಟ್ಟಿ. ಮೇಡಂ ಕೂಗಿ ಕರೆಯುವುದಿಲ್ಲ, ಬಂದ ಮಗು ತನ್ನ ಹೆಸರಿನೆದುರು ತಾನೇ ಗುರುತು ಹಾಕಬೇಕು. ಅದರ ಪಕ್ಕ ಹವಾಮಾನ ನಕ್ಷೆ. ಫೆಬ್ರುವರಿಯ ಬಿಸಿಲು ಆಗಲೇ ಸುಡುತ್ತಿತ್ತು. ಯಾರೋ ಸೂರ್ಯನ ಚಿತ್ರ ಸಿಕ್ಕಿಸಿ ಅವನಿಗೆ ಮೀಸೆ ಬರೆದಿದ್ದರು.

ಎದುರು ಗೋಡೆಯಲ್ಲಿ ಕಲಿಕಾ ಏಣಿ. ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರಗುರುತು, ಅದಕ್ಕೆ 'ಲೋಗೊ' ಎನ್ನುತ್ತಾರೆ. ಅದೇ ಗುರುತು ಕಾರ್ಡಿನ ಮೂಲೆಯಲ್ಲೂ ಇದೆ. ಓದಲು ಬಾರದ ಮಗುವೂ ಗುರುತು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಒಂದು ತಟ್ಟೆಗೆ ಮೇಡಂ ಪೂರ್ತಿ ಜತೆಗಿರಬೇಕು, ಇನ್ನೊಂದಕ್ಕೆ ಅರ್ಧ ಜತೆಗಿದ್ದರೆ ಸಾಕು. ಮತ್ತೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ. ಕೊನೆಯದರಲ್ಲಿ ಮಗು ತಾನೇ ತಾನು. ಸ್ವಾರಸ್ಯ ಇರುವುದು ಇಲ್ಲಿ: ಒಂದೇ ಹುಡುಗ ಕನ್ನಡದ ಹೊತ್ತಿನಲ್ಲಿ ಮೇಡಂ ಪಕ್ಕ ಅಂಟಿಕೊಂಡು ಕೂತಿರುತ್ತಾನೆ, ಗಣಿತದ ಹೊತ್ತಿನಲ್ಲಿ ಸ್ವಕಲಿಕೆಯ ತಟ್ಟೆಯಲ್ಲಿ ರಾಜನ ಹಾಗೆ ಕೂತಿರುತ್ತಾನೆ. 'ದಡ್ಡ' ಎಂಬ ಹಣೆಪಟ್ಟಿಯನ್ನು ಅಂಟಿಸಲು ಅವನು ಒಂದು ಕಡೆ ನಿಲ್ಲಬೇಕಲ್ಲ.

ಕನ್ನಡದ ಏಣಿ ಶುರುವಾಗುವುದು ಅ, ಆ, ಇ, ಈ ಯಿಂದಲ್ಲ. ರ, ಗ, ಸ, ದ, ಅ ಯಿಂದ. ನಮ್ಮ ಕಾಲದವರಿಗೆ ಇದು ಅಪಚಾರದ ಹಾಗೆ ಕಾಣುತ್ತದೆ. ನಾನೂ ಹುಬ್ಬೇರಿಸಿದೆ. ಮೇಡಂ ಐದು ಅಕ್ಷರದ ಬಿಲ್ಲೆಗಳನ್ನು ನನ್ನ ಮುಂದೆ ಸುರಿದು, "ಎಷ್ಟು ಪದ ಆಗುತ್ತೆ ನೋಡಿ" ಎಂದರು. ಸರ. ದರ. ರಸ. ಅರಸ. ಅಗಸ. ಗರಗಸ. ದಸರ. ಮೈಸೂರು ಸೀಮೆಯ ಮಗುವಿಗೆ ಐದೇ ಅಕ್ಷರದಲ್ಲಿ ದಸರ ಸಿಕ್ಕಿಬಿಡುತ್ತದೆ. ಸ್ವರಮಾಲೆಯ ಮೊದಲ ಐದು ಅಕ್ಷರ ಕಲಿತ ಮಗುವಿಗೆ ಓದಲು ಏನು ಸಿಗುತ್ತದೆ? ಅಮ್ಮನಿಗೂ ಒಂದು ಮ ಬೇಕು, ಒತ್ತು ಬೇಕು. ವ್ಯಾಕರಣದವರು ಹಾಕಿದ ಕ್ರಮ ಬಲ್ಲವರಿಗೆ ಚಂದ. ಮಗುವಿನ ತಲೆಗೆ ಬೇಕಾದ ಕ್ರಮವೇ ಬೇರೆ.

ಕಿಟಕಿ ಪಕ್ಕ ಒಬ್ಬಳು ಏಣಿಯ ಮುಂದೆ ನಿಂತು ಬೆರಳಿಟ್ಟು ಏನೋ ಹುಡುಕುತ್ತಿದ್ದಳು. ಆದಿವಾಸಿಗಳ ಹಾಡಿಯ ಹುಡುಗಿ. ಕಾಫಿ ಕೊಯ್ಲಿಗೆಂದು ಅಪ್ಪ ಅಮ್ಮ ಕೊಡಗಿಗೆ ಹೋದಾಗ ಜತೆಗೆ ಹೋದವಳು, ಸಂಕ್ರಾಂತಿಗೂ ಮುಂಚೆ. ಮೊನ್ನೆ ಮೊನ್ನೆ ಬಂದಿದ್ದಾಳೆ. ಬೇರೆ ಶಾಲೆಯಾಗಿದ್ದರೆ ಪುಸ್ತಕ ಅಷ್ಟು ಹೊತ್ತಿಗೆ ಹತ್ತು ಪಾಠ ಮುಂದೆ ಓಡಿರುತ್ತಿತ್ತು. ಇಲ್ಲಿ ಅವಳು ಬಿಟ್ಟುಹೋದ ಮೆಟ್ಟಿಲು ಬಿಟ್ಟಲ್ಲೇ ಇದೆ. ಗುರುತು ಸಿಕ್ಕಿತು, ಕಾರ್ಡು ತೆಗೆದುಕೊಂಡು ಹೋಗಿ ಕೂತಳು. ಮೇಡಂ ಆ ಕಡೆ ತಿರುಗಿಯೂ ನೋಡಲಿಲ್ಲ, ಅಥವಾ ನೋಡದ ಹಾಗೆ ಇದ್ದರು.

ಈಗ ಹಾಲಿನ ವಿಷಯಕ್ಕೆ ಬರಬೇಕು. "ಆ ಬಟ್ಟಲ ಹುಡುಗಿಗೆ ಯಾಕೆ ಹೇಳಿಕೊಡಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ಹ್ಞೂಂ ಅಂತಾಳೆ ಸರ್. ಹ್ಞೂಂ ಅಂದ್ರೆ ಗೊತ್ತಾಯ್ತು ಅಂತಲ್ಲ" ಎನ್ನುತ್ತ ಮೇಡಂ ಬೀರುವಿನಿಂದ ಒಂದು ಡಬ್ಬಿ ತೆಗೆದರು. ಹುಣಸೆ ಬೀಜ. ಬಟ್ಟಲ ಹುಡುಗಿಯನ್ನೂ ಅವಳ ವಾರಿಗೆಯ ಇನ್ನೊಬ್ಬ ಹುಡುಗನನ್ನೂ ಕರೆದು ಚಾಪೆಯ ಮೇಲೆ ಕೂರಿಸಿಕೊಂಡರು. ಆರು ಬೀಜದ ಒಂದು ಸಾಲು. ಅದರ ಕೆಳಗೆ, ಒಂದಕ್ಕೊಂದು ಎದುರಾಗಿ, ಆರು ಬೀಜದ ಇನ್ನೊಂದು ಸಾಲು.

"ಎರಡ್ರಲ್ಲೂ ಒಂದೇ ಸಮ ಇದಾವಾ?"

"ಹ್ಞೂಂ ಮಿಸ್."

ಮೇಡಂ ಕೆಳಗಿನ ಸಾಲಿನ ಬೀಜಗಳನ್ನು ದೂರ ದೂರ ಸರಿಸಿದರು. ಸಾಲು ಚಾಪೆಯ ಅಂಚಿಗೆ ಬಂತು. "ಈಗ?"

"ಇದು ಜಾಸ್ತಿ" ಎಂದು ಹುಡುಗಿ ಕೆಳಗಿನ ಸಾಲಿಗೆ ಬೆರಳಿಟ್ಟಳು. ಹುಡುಗನೂ ಅದನ್ನೇ ಹೇಳಿದ. ಎಣಿಸಲು ಹೇಳಿದರು. ಇಬ್ಬರೂ ಎಣಿಸಿದರು: ಇಲ್ಲಿ ಆರು, ಅಲ್ಲಿ ಆರು. "ಹಂಗಾದ್ರೆ ಯಾವ್ದು ಜಾಸ್ತಿ?" ಹುಡುಗಿ ಒಂದಿಷ್ಟೂ ಅಳುಕದೆ ಮತ್ತೆ ಕೆಳಗಿನದನ್ನೇ ತೋರಿಸಿದಳು.

ಜೀನ್ ಪಿಯಾಜೆ ಜಿನೀವಾದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆಡಿದ ಆಟವೇ ಇದು. ಅವನ ಕಥೆಯಲ್ಲಿ ನನಗೆ ಹಿಡಿಸುವ ಭಾಗ ಇನ್ನೂ ಹಿಂದಿನದು. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅವನಿಗೆ ಸಿಕ್ಕಿದ್ದು ಬೇಸರದ ಗುಮಾಸ್ತಿಕೆ: ಬುದ್ಧಿಪರೀಕ್ಷೆಯ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿ, ಸರಿ ತಪ್ಪು ಹಾಕಿ, ಅಂಕ ಕೂಡುವುದು. ಕೂಡುತ್ತ ಕೂಡುತ್ತ ಅವನಿಗೆ ಸರಿ ಉತ್ತರಗಳಿಗಿಂತ ತಪ್ಪು ಉತ್ತರಗಳೇ ರುಚಿ ಹತ್ತಿದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡುತ್ತಿದ್ದರು. ಅಂದರೆ ಅವು ಗೊತ್ತಿಲ್ಲದೆ ಎಸೆದ ಉತ್ತರಗಳಲ್ಲ, ಅವರದೇ ಒಂದು ತರ್ಕದಿಂದ ಬಂದವು. ಆ ತರ್ಕ ವಯಸ್ಸಿನ ಜತೆ ಬದಲಾಗುವ ಬಗೆಯನ್ನೇ ಅವನು ಜೀವಮಾನವಿಡೀ ಬರೆದ. ಏಳರ ಹತ್ತಿರದವರೆಗೆ ಕಣ್ಣಿಗೆ ಕಂಡದ್ದೇ ಸತ್ಯ. ಏಳರಿಂದ ಹನ್ನೊಂದರವರೆಗೆ, ಕೈಗೆ ವಸ್ತು ಸಿಕ್ಕರೆ ತರ್ಕ ನಡೆಯುತ್ತದೆ. ಆಮೇಲೆ, ಎದುರಿಗಿಲ್ಲದ್ದರ ಬಗ್ಗೆಯೂ 'ಹೀಗಾದರೆ' ಎಂದು ಯೋಚಿಸಲು ಬರುತ್ತದೆ. ಬಿ.ಎಡ್. ಮಾಡಿದ ಎಲ್ಲರೂ ಈ ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿರುತ್ತಾರೆ. ಬಾಯಿಪಾಠ ಮಾಡಿಸುವ ವಿಷಯವಾದರೂ ಎಂಥದು ನೋಡಿ!

ಮೇಡಂ ಮತ್ತೆ ಬೀಜಗಳನ್ನು ಎದುರು ಬದುರು ಜೋಡಿಸಿದರು. ಈ ಸಲ ಸರಿಸಿದ್ದು ಅವರ ಕೈಯಲ್ಲ. ಕಾಲುಚೀಲದಿಂದ ಮಾಡಿದ, ಗುಂಡಿಯ ಕಣ್ಣಿನ ಒಂದು ಕೋತಿಯನ್ನು ಕೈಗೆ ಹಾಕಿಕೊಂಡರು. ಕೋತಿ ಕಿಚಕಿಚ ಎಂದು ಬಂದು ಕೆಳಗಿನ ಸಾಲನ್ನು ಚೆಲ್ಲಾಡಿ ಓಡಿತು. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಅಯ್ಯೋ, ಕೋತಿ ಹಾಳ್ ಮಾಡ್ತಲ್ಲ. ಈಗ ಯಾವ್ದು ಜಾಸ್ತಿ?"

ಹುಡುಗ ಥಟ್ಟನೆ, "ಅಷ್ಟೇ ಅವೆ. ಕೋತಿ ಚೆಲ್ತು ಅಷ್ಟೇಯ" ಎಂದ. ಎರಡು ನಿಮಿಷದ ಹಿಂದೆ 'ಇದು ಜಾಸ್ತಿ' ಎಂದವನು ಅವನೇ.

ಎಡಿನ್‌ಬರೊದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಥೇಟ್ ಇದೇ, ಕೋತಿಯ ಬದಲು ಅವರದು ತುಂಟ ಕರಡಿ ಬೊಂಬೆ. ನಾಲ್ಕರಿಂದ ಆರು ವರ್ಷದ 80 ಮಕ್ಕಳು. ದೊಡ್ಡವರು ಬೇಕೆಂದೇ ಸಾಲು ಸರಿಸಿದಾಗ ಸರಿ ಹೇಳಿದವರು 13, ಕರಡಿ ಕೆಡಿಸಿದಾಗ 50. ಪಿಯಾಜೆ ಎಣಿಸಿದ್ದಕ್ಕಿಂತ ಮಕ್ಕಳಿಗೆ ಹೆಚ್ಚು ಗೊತ್ತಿತ್ತು. ಅವನು ಕೇಳಿದ ರೀತಿಯೇ ಅವರನ್ನು ಅಡ್ಡದಾರಿಗೆ ಎಳೆದಿತ್ತು. ಮೇಡಂಗೆ ಎಡಿನ್‌ಬರೊ ಗೊತ್ತಿಲ್ಲ. ಕಾರಣ ಮಾತ್ರ ಗೊತ್ತಿದೆ: "ಮಿಸ್ ಬೇಕಂತ ಜರುಗ್ಸಿ ಮತ್ತೆ ಅದನ್ನೇ ಕೇಳ್ತಾವ್ರೆ ಅಂದ್ರೆ ಏನೋ ಬದಲಾಗಿರ್ಬೇಕು ಅಂದ್ಕೋತವೆ ಸರ್. ಕೋತಿ ಕೆಡ್ಸಿದ್ರೆ ಆ ಹೆದ್ರಿಕೆ ಇರಲ್ಲ."

ಬಟ್ಟಲ ಹುಡುಗಿಯನ್ನು ಕೋತಿಯೂ ಅಲುಗಿಸಲಾಗಲಿಲ್ಲ. ನಕ್ಕಳು, ಆಮೇಲೆ ಉದ್ದದ ಸಾಲನ್ನೇ ತೋರಿಸಿದಳು. "ಇವ್ಳಿಗೆ ಇನ್ನೂ ಟೈಮ್ ಬೇಕು" ಎಂದಷ್ಟೇ ಹೇಳಿ ಮೇಡಂ ಅದೇ ಬೀಜದ ಡಬ್ಬಿಯಿಂದ ಮೂರು ಕೆಲಸ ಹಂಚಿದರು. ಹುಡುಗಿಗೆ ಕಾಗದದ ಪುಟ್ಟ ಎಲೆಗಳನ್ನು ಕೊಟ್ಟು, "ನೆಂಟ್ರು ಬಂದವ್ರೆ, ಒಂದೊಂದೆಲೆಗೆ ಒಂದೊಂದು ಬೀಜ ಬಡಿಸು" ಎಂದರು. ಎಣಿಕೆಯೇ ಇಲ್ಲ, ಬರೀ ಜೋಡಿ. ಹುಡುಗನಿಗೆ ಒಂದು ಹಿಡಿ ಬೀಜ ಕೊಟ್ಟು, ಮುಷ್ಟಿಯಲ್ಲಿ ಎಷ್ಟಿರಬಹುದೆಂದು ಮೊದಲು ಹೇಳಿ ಆಮೇಲೆ ಎಣಿಸು ಎಂದರು. ಆಗ ಹಾಲಿನ ತೀರ್ಪು ಕೊಟ್ಟಿದ್ದ ಜಡೆ ಹುಡುಗಿ ಕುತೂಹಲಕ್ಕೆ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಡಬ್ಬಿಯನ್ನೇ ಕೊಟ್ಟು, "ಪೂರ್ತಿ ಎಣಿಸ್ದೆ ಎಷ್ಟಿವೆ ಅಂತ ಹೇಳು ನೋಡಾನ" ಎಂದರು. ಅವಳು ಒಂದು ಲೋಟಕ್ಕೆ ತುಂಬಿ, ಲೋಟದ್ದನ್ನು ಎಣಿಸಿ, ಡಬ್ಬಿಯಲ್ಲಿ ಎಷ್ಟು ಲೋಟ ಎಂದು ಅಳೆಯಲು ಕೂತಳು. ನನ್ನ ಕೈಗೆ ಆ ಡಬ್ಬಿ ಕೊಟ್ಟಿದ್ದರೆ ಮೂವರಿಗೂ ಒಂದೇ ಕೆಲಸ ಹೇಳಿ, ಒಬ್ಬಳನ್ನು ಅಳಿಸಿ, ಒಬ್ಬಳಿಗೆ ಆಕಳಿಕೆ ಬರಿಸುತ್ತಿದ್ದೆ.

ಮಗುವಿನ ತಪ್ಪೆಲ್ಲ ಬುದ್ಧಿಯ ಮೆಟ್ಟಿಲಿನದಲ್ಲ ಎಂಬುದು ಕನ್ನಡದ ತಟ್ಟೆಯಲ್ಲಿ ಗೊತ್ತಾಯಿತು. ಹುಡುಗನೊಬ್ಬ ಕಾರ್ಡಿನಲ್ಲಿದ್ದ ಗಿಳಿಯ ಮೇಲೆ ಬೆರಳಿಟ್ಟು, ಕೆಳಗಿನ ಪದವನ್ನು ಗಟ್ಟಿಯಾಗಿ ಓದಿದ: "ಅಕ್ಕಿ." ಬರೆದಿದ್ದದ್ದು ಹಕ್ಕಿ. ಮೇಲಧಿಕಾರಿ ಬಂದಾಗ ಹೀಗೆ ಓದಿದರೆ 'ಅಕ್ಷರ ಗುರುತಿಸುವುದಿಲ್ಲ' ಎಂದು ಷರಾ ಬೀಳುತ್ತದೆ. ಮೇಡಂ ಎರಡು ಬಿಲ್ಲೆ ಮುಂದಿಟ್ಟು ಯಾವುದು ಹ, ಯಾವುದು ಅ ಎಂದು ಕೇಳಿದರು. ಸರಿಯಾಗಿ ಎತ್ತಿಕೊಟ್ಟ. "ಅಕ್ಷರ ಬರುತ್ತೆ ಅವನಿಗೆ. ಅವರಪ್ಪನಿಗೂ ಅಕ್ಕಿಯೇ ಹಾರೋದು, ನಮ್ಮಪ್ಪನಿಗೂ ಅಷ್ಟೇ" ಎಂದು ನಕ್ಕರು. ಅವನಿಗೆ ಬೇಕಾದದ್ದು ಕೆಳಗಿನ ಮೆಟ್ಟಿಲಿನ ಕಾರ್ಡಲ್ಲ. ಬೇಕಿದ್ದದ್ದು ಒಂದು ಆಟ: ಒಂದು ಕಡೆ ಅನ್ನವಾಗುವ ಅಕ್ಕಿ, ಒಂದು ಕಡೆ ಗೂಡು ಕಟ್ಟುವ ಹಕ್ಕಿ, ಮಿಸ್ ಹೇಳಿದ್ದಕ್ಕೆ ಓಡಿಹೋಗಿ ನಿಲ್ಲುವುದು. ಮನೆಯಲ್ಲಿ ಕುರುಬರ ನುಡಿಯನ್ನೋ ಯರವರ ನುಡಿಯನ್ನೋ ಆಡುವ ಹಾಡಿಯ ಮಕ್ಕಳಿಗೆ ಈ ಅಂತರ ಇನ್ನೂ ದೊಡ್ಡದು. ಮಾತು ಬೇರೆ ಎಂಬುದನ್ನು ಬುದ್ಧಿ ಸಾಲದು ಎಂದು ಓದಿಬಿಟ್ಟರೆ ಮಗು ತನ್ನದಲ್ಲದ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಗಣಿತದ ಹೊತ್ತು. 42ರಲ್ಲಿ 17 ಕಳೆಯಬೇಕು. ಗೋಡೆ ಹಲಗೆಯ ಮುಂದೆ ಮಂಡಿಯೂರಿದ್ದವನೊಬ್ಬ 35 ಎಂದು ಬರೆದಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕಣ್ಣಲ್ಲೇ ತಡೆದು, "ಎಂಗ್ ಮಾಡ್ದೆ ಹೇಳಪ್ಪ" ಎಂದರು.

"ಏಳ್ರಲ್ಲಿ ಎರಡು ಹೋದ್ರೆ ಐದು. ನಾಕ್ರಲ್ಲಿ ಒಂದು ಹೋದ್ರೆ ಮೂರು."

"ಎರಡ್ರಲ್ಲಿ ಏಳು ಯಾಕ್ ಕಳೀಲಿಲ್ಲ?"

"ಅದು ಹೋಗಕ್ಕಿಲ್ಲ ಮಿಸ್. ದೊಡ್ಡದ್ರಲ್ಲಿ ಚಿಕ್ಕದ್ನೇ ಕಳೀಬೇಕು."

ಯಾವತ್ತೋ ಒಂದು ಕೆಳಗಿನ ಮೆಟ್ಟಿಲಲ್ಲಿ ಅವನಿಗೆ ಹೇಳಿಕೊಟ್ಟ ನಿಯಮವದು, ಒಂಟಿ ಅಂಕಿಗಳ ಕಾಲದ್ದು. ಅಲ್ಲಿ ಅದು ಸರಿಯಾಗಿಯೇ ಇತ್ತು. ಪಾಪ, ವಿಧೇಯ ಹುಡುಗ ಅದನ್ನೇ ಮೇಲಿನ ಮೆಟ್ಟಿಲಿಗೂ ಹೊತ್ತು ತಂದಿದ್ದಾನೆ. ಮೇಡಂ 'ದಶಕ ತಗೋ' ಎನ್ನಲಿಲ್ಲ. ಪೊರಕೆ ಕಡ್ಡಿಯ ನಾಲ್ಕು ಕಟ್ಟು, ಕಟ್ಟಿಗೆ ಹತ್ತು. ಮೇಲೆ ಎರಡು ಬಿಡಿ. "ನಿನ್ ಹತ್ರ ಇಷ್ಟವೆ. ನಂಗೆ ಹದಿನೇಳು ಕೊಡು." ಹುಡುಗ ಒಂದು ಕಟ್ಟು ಕೊಟ್ಟ. ಎರಡು ಬಿಡಿ ಕೊಟ್ಟ. ಇನ್ನೂ ಐದು ಕೊಡಬೇಕು. ಕೈಯಲ್ಲಿ ಮೂರು ಕಟ್ಟು ಹಿಡಿದು ಸುಮ್ಮನೆ ಕೂತ. ಮೇಡಂ ಬೇರೆ ತಟ್ಟೆಗೆ ಎದ್ದು ಹೋದರು. ಅದು ಬೇಕೆಂದೇ ಎಂದು ನನಗೆ ಆಮೇಲೆ ಹೊಳೆಯಿತು. ಪಕ್ಕದಲ್ಲಿದ್ದ ಹುಡುಗಿ, ಅವನಿಗಿಂತ ಎರಡೇ ಮೆಟ್ಟಿಲು ಮೇಲಿನವಳು, ತನ್ನ ಕೆಲಸ ಬಿಟ್ಟು ನೋಡಿ, "ರಬ್ಬರ್ ಬ್ಯಾಂಡ್ ಬಿಚ್ಲಾ" ಎಂದಳು. ಬಿಚ್ಚಿದ. ಐದು ಎಣಿಸಿ ಇಟ್ಟ. ಉಳಿದದ್ದು ಎರಡು ಕಟ್ಟು, ಐದು ಬಿಡಿ. ಹಲಗೆಯ ಮೇಲಿನ 35ನ್ನು ಅಂಗೈಯಲ್ಲಿ ಉಜ್ಜಿದ.

ಪಿಯಾಜೆ ಹುಟ್ಟಿದ 1896ರಲ್ಲೇ ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, 37ಕ್ಕೇ ಕ್ಷಯದಿಂದ ತೀರಿಕೊಂಡ ಲೆವ್ ವೈಗಾಟ್‌ಸ್ಕಿ ಹೇಳಿದ್ದು ಈ ಅಂತರದ ಬಗ್ಗೆಯೇ. ಮಗು ಒಂಟಿಯಾಗಿ ಏನು ಮಾಡಬಲ್ಲದು, ಸ್ವಲ್ಪ ಬಲ್ಲವರು ಪಕ್ಕದಲ್ಲಿದ್ದರೆ ಏನು ಮಾಡಬಲ್ಲದು. ಕಲಿಕೆ ನಡೆಯುವುದು ಇವೆರಡರ ನಡುವಿನ ಜಾಗದಲ್ಲಿ. ಮೇಡಂ ಬಲ್ಲದ್ದು ತೀರಾ ಹೆಚ್ಚಾಯಿತು. ಎರಡು ಮೆಟ್ಟಿಲು ಮೇಲಿನವಳಿಗೆ ಮಾತ್ರ ತಾನು ಎಡವಿದ ಕಲ್ಲು ಇನ್ನೂ ನೆನಪಿರುತ್ತದೆ.

ಮಧ್ಯಾಹ್ನ ಬಿಸಿಯೂಟ: ಅನ್ನ, ಸಾರು, ಮೊಟ್ಟೆ. ಊಟಕ್ಕೆ ಕೂತಾಗ ಮೇಡಂ ಒಬ್ಬ ಹುಡುಗನನ್ನು ತೋರಿಸಿದರು. ತಾಯಿಯ ಜತೆ ಸಂತೆಯಲ್ಲಿ ಸೊಪ್ಪು ಮಾರುತ್ತಾನೆ. ಕಾರ್ಡಿನ ಮೇಲೆ 50ರಲ್ಲಿ 35 ಕಳೆಯಲು ಬೆರಳು ಕಚ್ಚುವವನು, ಐವತ್ತರ ನೋಟು ಕೊಟ್ಟರೆ ಹದಿನೈದು ರೂಪಾಯಿ ಚಿಲ್ಲರೆಯನ್ನು ನೋಟು ಮಡಚುವಷ್ಟರಲ್ಲಿ ಕೊಡುತ್ತಾನೆ. ಮೂವತ್ತೈದಕ್ಕೆ ಐದು ಸೇರಿಸಿದರೆ ನಲವತ್ತು, ಹತ್ತು ಸೇರಿಸಿದರೆ ಐವತ್ತು. ಅವನು ಕಳೆಯುವುದೇ ಇಲ್ಲ, ಏರಿಸಿಕೊಂಡು ಹೋಗುತ್ತಾನೆ. ಬ್ರೆಜಿಲ್ಲಿನ ಬೀದಿಬದಿ ಮಾರುವ ಮಕ್ಕಳಲ್ಲೂ ಸಂಶೋಧಕರು ಇದನ್ನೇ ಕಂಡು 1985ರಲ್ಲಿ ಬರೆದಿದ್ದಾರೆ. ಹಾಗಾದರೆ ಈ ಹುಡುಗ ಯಾವ ಮೆಟ್ಟಿಲಲ್ಲಿದ್ದಾನೆ? "ಅವನಿಗೆ ಕಾರ್ಡು ಬಿಟ್ಟು ತಕ್ಕಡಿ ಕೊಡ್ತೀನಿ. ಸಂತೆ ಲೆಕ್ಕವನ್ನ ಹಲಗೆ ಮೇಲೆ ಬರೀ ಅಂತೀನಿ. ಕೆಳಗಿಂದ ಶುರು ಮಾಡ್ಸಿದ್ರೆ ಅವನಿಗೇ ಅವಮಾನ" ಎಂದರು ಮೇಡಂ.

ನಾಲ್ಕನೇ ತರಗತಿಯ ಕೋಣೆ ಪಕ್ಕದಲ್ಲೇ ಇದೆ. ಅಲ್ಲಿ ನಿಂತದ್ದು ಐದು ನಿಮಿಷ. ಚಪ್ಪರವಿಲ್ಲ, ತಟ್ಟೆಯಿಲ್ಲ. ಮಕ್ಕಳು ಬೋರ್ಡಿನ ಕಡೆ ಮುಖ ಮಾಡಿ ಸಾಲಾಗಿ ಕೂತು ಎಲ್ಲರೂ ಒಂದೇ ಪುಟ ತೆರೆದಿದ್ದರು. ಏಣಿ ಮೂರಕ್ಕೆ ಮುಗಿಯುತ್ತದೆ, ನಾಲ್ಕರಿಂದ ಪುಸ್ತಕ. ಮೂರು ವರ್ಷ ತನ್ನ ಹೆಜ್ಜೆಯಲ್ಲಿ ನಡೆದ ಮಗುವನ್ನು ಒಂದು ಜೂನ್ ತಿಂಗಳ ಬೆಳಗ್ಗೆ ಕವಾಯತಿಗೆ ನಿಲ್ಲಿಸಿದ ಹಾಗೆ. ಕೆಲವರು ಸುಧಾರಿಸಿಕೊಳ್ಳುತ್ತಾರೆ. ಕೆಲವರು ಕಿಟಕಿಯಿಂದ ಹಳೆಯ ಕೋಣೆಯ ಕಡೆ ನೋಡುತ್ತಾರೆ. ಪಾಠಪುಸ್ತಕದ ವೇಗಕ್ಕೆ ಬಾರದ ಮಕ್ಕಳನ್ನು ತರಗತಿ ಮರೆತು, ಬಲ್ಲ ಮಟ್ಟದ ಮೇಲೆ ಗುಂಪು ಮಾಡಿ ಕೂರಿಸುವ ಕೆಲಸವನ್ನು ಪ್ರಥಮ್ ಸಂಸ್ಥೆ ದೇಶದ ಹಲವೆಡೆ ಮಾಡಿದೆ. ಅದನ್ನು ಅಳೆದು ನೋಡಿದವರಲ್ಲಿ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಇದ್ದರು. ಕೋವಿಡ್ ಮುಚ್ಚಿಟ್ಟ ಶಾಲೆಗಳು ತೆರೆದ ಮೇಲೆ 2022-23ರಲ್ಲಿ ನಮ್ಮ ರಾಜ್ಯವೂ 'ಕಲಿಕಾ ಚೇತರಿಕೆ' ಎಂದು ತರಗತಿಯನ್ನು ಸ್ವಲ್ಪ ಸಡಿಲಿಸಿತು. ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸು ಎನ್ನುತ್ತದೆ, ಅದು ನ್ಯಾಯವೇ. ಸೇರಿಸಿದ ಮೇಲೆ ಕೈಗೆ ಯಾವ ಕೆಲಸ ಕೊಡಬೇಕೆಂಬುದು ಮಾತ್ರ ವಯಸ್ಸು ನೋಡಿ ಗೊತ್ತಾಗುವಂಥದ್ದಲ್ಲ.

ಅದೇ ಶಾಲೆಯ ಏಳನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ನನ್ನನ್ನು ನೋಡಿ ಲೋಲಕ ತೆಗೆದರು. ದಾರ, ದಾರದ ತುದಿಗೆ ಕಲ್ಲು. ಕಿಟಕಿಯ ಸರಳಿಗೆ ಕಟ್ಟಿ ತೂಗಾಡಿಸುವುದು. ತೂಗಾಟದ ವೇಗ ಬದಲಾಗುವುದು ಯಾವುದರಿಂದ? ಕಲ್ಲಿನ ತೂಕದಿಂದಲೋ, ದಾರದ ಉದ್ದದಿಂದಲೋ, ತಳ್ಳಿದ ಜೋರಿನಿಂದಲೋ? ಬಾರ್ಬೆಲ್ ಇನ್‌ಹೆಲ್ಡರ್ ಜತೆ ಸೇರಿ ಪಿಯಾಜೆ ಹದಿಹರೆಯದವರಿಗೆ ಒಡ್ಡಿದ ಒಗಟು ಇದು. ಒಂದನ್ನು ಮಾತ್ರ ಬದಲಿಸಿ ಉಳಿದೆರಡನ್ನು ಹಾಗೇ ಹಿಡಿಯಬೇಕೆಂದು ಹೊಳೆಯುವುದೇ ಇಲ್ಲಿನ ಮೆಟ್ಟಿಲು.

ಮೊದಲ ಗುಂಪಿನ ಹುಡುಗರು ದೊಡ್ಡ ಕಲ್ಲನ್ನು ಉದ್ದ ದಾರಕ್ಕೆ ಕಟ್ಟಿ ಜೋರಾಗಿ ತಳ್ಳಿದರು, ಆಮೇಲೆ ಚಿಕ್ಕ ಕಲ್ಲನ್ನು ಮೋಟು ದಾರಕ್ಕೆ ಕಟ್ಟಿ ಮೆಲ್ಲಗೆ ಬಿಟ್ಟರು. "ಸಾರ್, ಕಲ್ಲು ಭಾರ ಇದ್ರೆ ನಿಧಾನ" ಎಂದು ಕೂಗಿದರು. ಮೇಷ್ಟ್ರು ಅಲ್ಲ ಎನ್ನಲಿಲ್ಲ. ಅದೇ ದಾರ ಇಟ್ಟುಕೊಂಡು ಕಲ್ಲು ಮಾತ್ರ ಬದಲಿಸಿ ಬನ್ನಿ ಎಂದು ಮೂರು ಕಂಬಸಾಲಿನ ಒಂದು ಪಟ್ಟಿ ಗೀಚಿ ಕೊಟ್ಟರು. ಮೂಲೆಯಲ್ಲಿದ್ದ ಇಬ್ಬರು ಹುಡುಗಿಯರು ಪಟ್ಟಿ ಕೇಳಿರಲೇ ಇಲ್ಲ, ತಾವೇ ದಾರಕ್ಕೆ ಗಂಟು ಹಾಕಿ ಗುರುತು ಮಾಡಿಕೊಂಡಿದ್ದರು. ಒಂದು ಮೀಟರ್ ದಾರ, ಹತ್ತು ತೂಗಾಟಕ್ಕೆ ಇಪ್ಪತ್ತು ಸೆಕೆಂಡು. ಕಾಲು ಮೀಟರಿಗೆ ಹತ್ತು ಸೆಕೆಂಡು. "ದಾರ ಕಾಲು ಭಾಗ ಆದ್ರೆ ಟೈಮು ಅರ್ಧ ಆಯ್ತು, ಕಾಲು ಆಗ್ಲಿಲ್ಲ. ಯಾಕೆ ಸಾರ್?" ಎಂದಳು ಒಬ್ಬಳು. ಮೇಷ್ಟ್ರು ತಲೆ ಕೆರೆದುಕೊಂಡು, "ಇನ್ನೊಂದು ಉದ್ದ ತಗೊಂಡು ನೋಡ್ರಮ್ಮ" ಎಂದರು. ಕೋಣೆ ಒಂದೇ, ಕಲ್ಲು ದಾರ ಅವೇ. 1970ರ ದಶಕದಲ್ಲಿ ಬ್ರಿಟನ್ನಿನ ಮೈಕೆಲ್ ಶೇಯರ್ ತಂಡ ಸಾವಿರಾರು ಮಕ್ಕಳನ್ನು ಪರೀಕ್ಷಿಸಿದಾಗ, ಹದಿನಾರಕ್ಕೆ ಬಂದವರಲ್ಲೂ ಬಹುಪಾಲು ಈ ಮೆಟ್ಟಿಲನ್ನು ಪೂರ್ತಿ ಏರಿರಲಿಲ್ಲ. ಪಠ್ಯ ಬರೆಯುವವರು ಮಾತ್ರ ಹನ್ನೆರಡಕ್ಕೇ ಎಲ್ಲರೂ ಏರಿಯಾಯಿತೆಂದು ಬರೆದುಕೊಂಡು ಹೋಗುತ್ತಾರೆ.

ಎಲ್ಲ ಚಂದವೆಂದು ಬರೆದರೆ ಮೇಡಂ ನಗುತ್ತಾರೆ. ಅವರ ಮೇಜಿನ ಮೇಲೆ ಪ್ರಗತಿ ನೋಟದ ಹಾಳೆಗಳ ಕಂತೆಯಿತ್ತು. ಮಗು ಮೆಟ್ಟಿಲು ಏರಿದ ಹಾಗೆ ತುಂಬಬೇಕು. ತಪಾಸಣೆಗೆ ಬರುವವರು ಕೇಳುವುದು ಎಷ್ಟು ಮಕ್ಕಳು ಎಷ್ಟನೇ ಮೈಲಿಗಲ್ಲು ಎಂದು. ಹಾಗೆ ಕೇಳುತ್ತ ಬಂದರೆ ಕಾರ್ಡು ಮುಗಿಸುವುದೇ ಕಲಿಕೆಯಾಗಿಬಿಡುತ್ತದೆ. ನಾನೇ ಕೆಲವು ವರ್ಷದ ಹಿಂದೆ ಬೇರೊಂದು ಜಿಲ್ಲೆಯ ಶಾಲೆಯಲ್ಲಿ ನೋಡಿದ್ದೇನೆ. ಕಾರ್ಡುಗಳನ್ನು ಹಾಳಾಗುತ್ತವೆಂದು ಬೀರುವಿನಲ್ಲಿ ಬೀಗ ಹಾಕಿಟ್ಟು, ತಟ್ಟೆಗಳ ಗುರುತುಗಳನ್ನು ಅಲಂಕಾರಕ್ಕೆ ತೂಗುಹಾಕಿ, ಒಂದರಿಂದ ಮೂರರವರೆಗೆ ಎಲ್ಲರಿಂದಲೂ ಒಟ್ಟಿಗೆ ಮಗ್ಗಿ ಹೇಳಿಸುತ್ತಿದ್ದರು. ಹಾಳೆಯಲ್ಲಿ ಎಲ್ಲ ಮಕ್ಕಳೂ ಏಣಿಯ ತುದಿಯಲ್ಲಿದ್ದರು. ಒಬ್ಬರೇ ಶಿಕ್ಷಕರು, ಮೂರು ತರಗತಿ, ಮೂರು ವಿಷಯ, ಇದರ ಮೇಲೆ ಮೊಟ್ಟೆಯ ಲೆಕ್ಕ, ಜನಗಣತಿ, ಚುನಾವಣೆ. ಮಗುವೊಂದು 35 ಯಾಕೆ ಬರೆಯಿತೆಂದು ಮಂಡಿಯೂರಿ ಕೇಳಲು ಬೇಕಾದ ಎರಡು ನಿಮಿಷ ಯಾವ ಹಾಳೆಯಲ್ಲೂ ಬರುವುದಿಲ್ಲ.

ನಾಲ್ಕೂಕಾಲಿಗೆ ಗಂಟೆ ಹೊಡೆಯಿತು. ಕೋಣೆ ಒಂದು ನಿಮಿಷದಲ್ಲಿ ಖಾಲಿ. ನಾನು ಚಪ್ಪಲಿ ಮೆಟ್ಟುತ್ತಿದ್ದೆ, ಮೇಡಂ ಬೀಗ ಹಿಡಿದು ನಿಂತಿದ್ದರು. ಒಳಗೆ ಚಾಪೆಯ ಮೇಲೆ ಬಟ್ಟಲ ಹುಡುಗಿ ಇನ್ನೂ ಕೂತಿದ್ದಳು. ಕಾಗದದ ಎಲೆಗಳನ್ನು ಪಕ್ಕಕ್ಕೆ ತಳ್ಳಿ ಬೀಜಗಳನ್ನು ಎರಡು ಸಾಲಾಗಿ ಇಟ್ಟುಕೊಂಡಿದ್ದಳು. ಕೆಳಗಿನ ಸಾಲನ್ನು ದೂರ ದೂರ ಎಳೆದಳು, ನೋಡಿದಳು. ಮತ್ತೆ ಹತ್ತಿರ ತಂದಳು, ನೋಡಿದಳು. ಮತ್ತೆ ಎಳೆದಳು. ಹೊರಗಿನಿಂದ ಅಣ್ಣನೋ ಯಾರೋ ಎರಡು ಸಲ ಕೂಗಿದ.

ಮೇಡಂ ಬೀಗವನ್ನು ಸೆರಗಿನ ಮರೆಗೆ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ, "ನಿಮ್ ಬಸ್ಸು ಎಷ್ಟೊತ್ತಿಗೆ ಸರ್?" ಎಂದು ಮೆಲ್ಲಗೆ ಕೇಳಿದರು.